ಶಿವಲಕ್ಷ್ಮಿಯ ತಲೆಗೆ ಹಾಕಿದ್ದು

ಫೆಬ್ರವರಿ 10, ಸೋಮವಾರ. ಸೇಲಂ

ಇದೊಂದನ್ನು ಬರೆಯದೆ ಬಿಟ್ಟುಬಿಡುವವಳಿದ್ದೆ. ಆಂಬ್ಯುಲೆನ್ಸ್, ಆಸ್ಪತ್ರೆ, ಮಗುವಿನ ಬಾಯಿಂದ ಸುರಿಯುತ್ತಿದ್ದ ಜೊಲ್ಲು ಇವನ್ನೆಲ್ಲ ಬರೆದು ಶನಿವಾರದ ಫೋನನ್ನು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಕಡೆ ಕನ್ನಡ ಓದುವವರಾದರೂ ಯಾರಿದ್ದಾರೆ? ನಮ್ಮೂರಲ್ಲಿ ಎಲ್ಲರೂ ಆಡುವುದು ಕನ್ನಡ, ಬರೆಯುವುದು ತಮಿಳು. ಅಪ್ಪ ನನ್ನನ್ನು ಮೈಸೂರಿನ ಕಾನ್ವೆಂಟಿನಲ್ಲಿ ಬಿಟ್ಟಿದ್ದರಿಂದ ಇಂಗ್ಲಿಷಿನ ಜೊತೆಗೆ ಈ ಅಕ್ಷರವೂ ನನಗೆ ಬಂತು. ಓದುವವರಿಲ್ಲದ ಅಕ್ಷರದಲ್ಲೂ ಸುಳ್ಳು ಬರೆಯಲು ಹೊರಟಿದ್ದೆನಲ್ಲ, ಯಾರನ್ನು ನಂಬಿಸಲು?

ಶನಿವಾರ ಸಂಜೆ ಧರ್ಮಪುರಿಯ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದುತ್ತಿದ್ದೆ. ತಮ್ಮನ ಹೆಂಡತಿ ಚಂದ್ರಿಕಾ ಊರಿನಿಂದ ಫೋನ್ ಮಾಡಿದಳು. ಅವಳ ಮಗಳು ಶಿವಲಕ್ಷ್ಮಿಗೆ ಐದು ವರ್ಷ. ಜೂನ್‌ನಿಂದ ನನ್ನ ಹತ್ತಿರ ಇದ್ದು ನಮ್ಮ ಶಾಲೆಯಲ್ಲೇ ಯು.ಕೆ.ಜಿ. ಓದುತ್ತಿದ್ದಾಳೆ. ತಲೆಯಲ್ಲಿ ಹೇನಿದೆ ಎಂದು ಕ್ಲಾಸ್ ಟೀಚರ್ ಚೀಟಿ ಕಳಿಸಿದ್ದರು. ಅದೇ ಶಾಲೆಯಲ್ಲಿ ಹದಿನೈದು ವರ್ಷದಿಂದ ಇಂಗ್ಲಿಷ್ ಕಲಿಸುವ ನನಗೆ ಆ ಚೀಟಿ ಅವಮಾನವಾಗಿ ಕಂಡಿತು. ಶುಕ್ರವಾರವೇ ಅವಳನ್ನು ಪಾಲಮಲೆ ಬುಡದ ನಮ್ಮೂರಿಗೆ ಬಿಟ್ಟುಬಂದು, ಸೋಮವಾರದೊಳಗೆ ಒಂದು ಹೇನೂ ಇರಕೂಡದು ಎಂದು ಹೇಳಿದ್ದೆ.

“ಅಕ್ಕಾ, ಬಾಚಿ ಬಾಚಿ ಕೈ ಬಿದ್ದೋಯ್ತು,” ಅಂದಳು ಚಂದ್ರಿಕಾ. “ಮುಡಿ ಕೊಡೋಗಂಟ ಕತ್ರಿ ಮುಟ್ಸೋ ಅಂಗಿಲ್ಲ. ಕುರಿಗೆ ಉಣ್ಣಿ ಬಿದ್ರೆ ಆಕ್ತೀವಲ್ಲ ಮರುಂದು, ಆ ಮದ್ದನ್ನೇ ಒಸಿ ಅರಳೆಣ್ಣೆಗೆ ಕಲಸಿ ಆಕ್ಲಾ? ಬಾಟ್ಲಿ ಮ್ಯಾಲೆ ಎಲ್ಲಾ ಇಂಗ್ಲೀಸು. ಪೋಟೋ ಕಳುಸ್ತೀನಿ, ಓದ್ಬುಟ್ಟು ಯೋಳಿ.”

ಶಿವಲಕ್ಷ್ಮಿ ಹುಟ್ಟಿದಾಗ ಅವಳ ಮೊದಲ ಕೂದಲು ಮಾದಪ್ಪನಿಗೆ ಎಂದು ಅಮ್ಮ ಹರಕೆ ಹೊತ್ತಿದ್ದಾಳೆ. ಐದು ತುಂಬಿದ ಮೇಲೆ ತಂದೆಯೇ ಬೆಟ್ಟಕ್ಕೆ ಕರೆದೊಯ್ದು ಕೊಡಿಸಬೇಕು. ತಮ್ಮ ಮಹದೇವ ಶಂಕಗಿರಿಯಲ್ಲಿ ಲಾರಿ ಓಡಿಸುತ್ತಾನೆ, ಹೊರಟರೆ ಹದಿನೈದು ದಿನ ಬರುವುದಿಲ್ಲ. ಹಾಗಾಗಿ ಐದು ತುಂಬಿ ನಾಲ್ಕು ತಿಂಗಳಾದರೂ ಕೂದಲು ಸೊಂಟದವರೆಗೆ ಹಾಗೇ ಇತ್ತು.

ಫೋಟೋ ಬಂತು. ನಾನು ತೆರೆಯಲಿಲ್ಲ. “ಸ್ವಲ್ಪವೇ ಹಾಕು, ಆಮೇಲೆ ಚೆನ್ನಾಗಿ ತೊಳೆದುಬಿಡು” ಅಂದೆ. ಕೈಯಲ್ಲಿ ಹದಿನೇಳನೇ ಪೇಪರ್ ಇತ್ತು.

ಇವತ್ತು ಬೆಳಗಿನ ಜಾವ ಮಗು ವಾಂತಿ ಮಾಡಿಕೊಂಡಿತಂತೆ. ಆಮೇಲೆ ಫಿಟ್ಸ್. ಮೇಟ್ಟೂರಿನಿಂದ ಇಲ್ಲಿಗೆ ಕಳಿಸಿದರು. ನಾನು ಬಸ್ಸಿಳಿದು ಓಡಿಬರುವಾಗ ಅವಳನ್ನು ಮಕ್ಕಳ ತೀವ್ರ ನಿಗಾ ಘಟಕದೊಳಗೆ ಒಯ್ದು ಬಾಯಿಗೆ ಕೊಳವೆ ಹಾಕಿ ಆಗಿತ್ತು. ಡಾ. ಪ್ರಭಾಕರ್ ಮೆದುಳು ಜ್ವರ ಇರಬಹುದು ಅಂದರು. ಆದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಬೆಳೆಗೆ ಹೊಡೆಯುವ ಔಷಧಿ ಏನಾದರೂ ಕುಡಿದಳೇ ಎಂದು ಮೂರು ಸಲ ಕೇಳಿದರು.

“ಏನೂ ಕುಡೀನಿಲ್ಲ ಸಾಮಿ, ಮಾದಪ್ಪನಾಣೆ,” ಅಂದಳು ಅಮ್ಮ. ನಿಜವೇ ಹೇಳಿದಳು. ನಮ್ಮವರಿಗೆ ವಿಷವೆಂದರೆ ಕುಡಿಯುವಂಥದ್ದು. ಚಂದ್ರಿಕಾ ನನ್ನ ಮುಖ ನೋಡಿದಳು. ನಾನು ಅಮ್ಮನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಡಾಕ್ಟರಿಗೆ ಒಪ್ಪಿಸಿದೆ.

ಈಗ ಫೋಟೋ ತೆರೆದು ದೊಡ್ಡದು ಮಾಡಿ ಓದಿದೆ. ಕೆಂಪು ತ್ರಿಕೋನ. ಪ್ರಾಣಿಗಳಿಗೆ ಮಾತ್ರ. ಚರ್ಮಕ್ಕೆ ತಾಗಿದರೆ ಕೂಡಲೇ ತೊಳೆಯಿರಿ.

ಜಡೆ ಇನ್ನೂ ಅವಳ ತಲೆಯ ಮೇಲೆಯೇ ಇದೆ. ಪೆನ್ನು ಇಡುತ್ತೇನೆ.

ಅದೇ ದಿನ, ಸಂಜೆ ಐದೂವರೆ

ಹೇಳಿದೆ. ಡಾಕ್ಟರ್ ಬೈಯಲಿಲ್ಲ, ಫೋನನ್ನು ಕೈಯಿಂದ ಕಿತ್ತುಕೊಂಡು ಒಳಗೆ ಓಡಿದರು. ಚಂದ್ರಿಕಾ ಹೇಳಿದಳು: ನಿನ್ನೆ ಸಂಜೆ ಹಚ್ಚಿ, ಬಿಗಿಯಾಗಿ ಹೆಣೆದು, ಹೇನು ಉಸಿರುಕಟ್ಟಿ ಸಾಯಲಿ ಎಂದು ಮೇಲೆ ಬಟ್ಟೆ ಸುತ್ತಿ ಮಲಗಿಸಿದ್ದಳು. ತೊಳೆಯುವುದು ಬೆಳಿಗ್ಗೆ ಅಂದುಕೊಂಡಿದ್ದಳು.

ನರ್ಸ್ ಪೂಂಗೊಡಿ ಕೇಳಿದಳು, ಯಾರು ಹಾಕಿದ್ದು ಎಂದು. ತಾಯಿ ಅಂದೆ. ಯಾರಾದರೂ ಹಾಕಲು ಹೇಳಿದ್ದರಾ, ಅಂಗಡಿಯವರು, ಬೇರೆ ಯಾರಾದರೂ? ಗೊತ್ತಿಲ್ಲ ಅಂದೆ. ಅವಳು ಹಾಗೆಯೇ ಬರೆದುಕೊಂಡಳು.

ಫೆಬ್ರವರಿ 11, ಮಂಗಳವಾರ

ಮೂರು ಸಲ ತೊಳೆದರೂ ಎಣ್ಣೆ ಬಿಡಲಿಲ್ಲ. ಬೋಳಿಸಬೇಕು, ಸಹಿ ಬೇಕು ಅಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ದ್ಯಾವ್ರ ಸೊತ್ತು ಅದು! ಮಾದಪ್ಪಂಗೆ ಅಂತ ಇಟ್ಟಿದ್ದ ಕೂದ್ಲು ಆಸ್ಪತ್ರೇಲಿ ಕಸಕ್ಕಾಕ್ತಾರಾ? ಶಶಿ, ನೀನು ಓದುದೋಳು, ನೀನೇ ಯೋಳು ಅವ್ರಿಗೆ.”

“ಅತ್ತೆ,” ಅಂದಳು ಚಂದ್ರಿಕಾ. ನಿನ್ನೆಯಿಂದ ಅವಳು ಜೋರಾಗಿ ಆಡಿದ ಮೊದಲ ಮಾತು. “ಮಾದಪ್ಪ ಅವನೇ ಇಲ್ಲೀಗಂಟ ಬಂದು ಇಸ್ಕೊಂಡ ಅನ್ಕಳಿ. ಮಗೀನ ಬುಟ್ಟೋಗ್ಲಿ ಸಾಕು.”

ಸಹಿ ನಾನು ಮಾಡಿದೆ. ಕೂದಲನ್ನು ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಮುಟ್ಟಬಾರದು, ಅದರಲ್ಲೂ ಔಷಧಿ ಇದೆ ಅಂದರು. ಅಮ್ಮ ಗೋಡೆಯ ಕಡೆ ತಿರುಗಿ ಕೂತುಬಿಟ್ಟಳು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಅರ್ಧ ಗಂಟೆ, ಸಂಜೆ ಐದಕ್ಕೆ ಅರ್ಧ ಗಂಟೆ, ಪಾಸು ಇರುವ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರೆ. ಚಂದ್ರಿಕಾ ಹೋಗಿಬರುತ್ತಾಳೆ. ಉಳಿದ ಹೊತ್ತು ಹೊರಗಿನ ಹಾಲಿನಲ್ಲಿ ಚಾಪೆ ಹಾಕಿ ಕಾಯುವುದು.

ಔಷಧಿಯ ವಿಷ ಇಳಿಯುತ್ತಿದೆ. ಪಾಪೆ ದೊಡ್ಡದಾಗಿದೆ. ಆದರೆ ಫಿಟ್ಸ್ ನಿಂತಿಲ್ಲ. ಡಾಕ್ಟರ್ ನನ್ನೊಬ್ಬಳನ್ನೇ ಕರೆದು ಇಂಗ್ಲಿಷಿನಲ್ಲಿ ವಿವರಿಸಿದರು. ಜೀವ ಉಳಿಯುವ ಭರವಸೆ ಇದೆ. ಆದರೆ ದಾರಿಯಲ್ಲಿ ಉಸಿರು ಕಡಿಮೆಯಾಗಿದ್ದಾಗ ಮೆದುಳಿಗೆ ಎಷ್ಟು ಪೆಟ್ಟು ಬಿದ್ದಿದೆಯೋ ಗೊತ್ತಿಲ್ಲ. ಕಣ್ಣು ಬಿಟ್ಟ ಮೇಲೆ ಅವಳು ಮೊದಲಿನ ಹುಡುಗಿಯೇ ಆಗಿರುತ್ತಾಳೋ ಇಲ್ಲವೋ, ಈಗ ಹೇಳಲಾಗದು. ಅಮ್ಮನಿಗೂ ಚಂದ್ರಿಕಾಳಿಗೂ ಇದನ್ನು ಕನ್ನಡದಲ್ಲಿ ಹೇಳುವ ಹೊತ್ತಿಗೆ ಅರ್ಧ ಮಾತು ನನ್ನಲ್ಲೇ ಉಳಿಯಿತು.

ಪಕ್ಕದ ಚಾಪೆ ಪಳನಿಯಪ್ಪನ್ ಎಂಬವರದು. ಶಂಕಗಿರಿಯ ಲಾರಿ ಮೆಕ್ಯಾನಿಕ್. ಮೊಮ್ಮಗನಿಗೆ ಮೆದುಳು ಜ್ವರ. ಬೆಂಗಳೂರಿನ ಗ್ಯಾರೇಜುಗಳಲ್ಲಿ ಕಲಿತ ಕನ್ನಡ.

“ಟೀಚರಮ್ಮಾ, ಏನು ದಿನಾ ಬರೀತೀರಾ? ಒಳಗಡೆ ಡಾಕ್ಟರ್‌ಗಿಂತ ನೀವೇ ಜಾಸ್ತಿ ಬರೀತೀರಲ್ಲ!”

“ಸುಮ್ಮನೆ, ಹೊತ್ತು ಹೋಗಲಿ ಅಂತ.”

“ನಮಗೆ ಬರೆಯಕ್ಕೆ ಬರಲ್ಲ. ಅದಕ್ಕೇ ಹೊತ್ತೂ ಹೋಗಲ್ಲ,” ಎಂದು ನಕ್ಕು, ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಕೊಟ್ಟರು. ಕುಡಿಯುತ್ತ ಯೋಚಿಸಿದೆ, ನನಗೆ ಯಾರಾದರೂ ಚಹಾ ಸುರಿದುಕೊಟ್ಟು ಎಷ್ಟು ವರ್ಷವಾಯಿತು? ಯಜಮಾನರು ತೀರಿಹೋದ ಮೇಲೆ ನನ್ನ ಮನೆಯಲ್ಲಿ ಚಹಾ ಮಾಡುವುದು ನಾನೊಬ್ಬಳೇ. ಹನ್ನೊಂದು ವರ್ಷ.

ಫೆಬ್ರವರಿ 15, ಶನಿವಾರ

ಮಹದೇವ ನಾಗಪುರದಿಂದ ನೇರ ಬಂದ. ಲಾರಿಯನ್ನು ಬೈಪಾಸಿನಲ್ಲಿ ನಿಲ್ಲಿಸಿ, ಮುಖವನ್ನೂ ತೊಳೆಯದೆ. ಒಳಗೆ ಹೋಗಿ ಮಗಳನ್ನು ನೋಡಿ, ಬೋಳುತಲೆಯನ್ನು ನೋಡಿ, ಹೊರಗೆ ಬಂದು ಚಹಾದಂಗಡಿಯ ಮುಂದೆ ನಿಂತ.

“ಕುರಿಗೂ ಮಗೀಗೂ ಒಂದೇ ಮರುಂದು ಅಂತ ಯಾವಳು ಯೋಳುದ್ಲು ನಿಂಗೆ?”

ಚಂದ್ರಿಕಾ ತಲೆ ಎತ್ತಲಿಲ್ಲ.

“ಕೇಳ್ತಾ ಇವ್ನಿ. ಬಾಯಿ ಬುಡೇ!”

“ನಾನ್ ಬ್ಯಾಡ ಅಂತಾನೇ ಅಂದೆ ಕಣಪ್ಪಾ,” ಎಂದಳು ಅಮ್ಮ. ಸುಳ್ಳು. ಬಟ್ಟೆ ಸುತ್ತಲು ಕೊಟ್ಟವಳು ಅವಳೇ.

“ನೀನಿನ್ನು ಒಳೀಕೆ ಓಗ್ಬ್ಯಾಡ,” ಅಂದ ಮಹದೇವ ಹೆಂಡತಿಗೆ. “ನನ್ ಮಗೀನ ಮುಟ್ಬ್ಯಾಡ. ನಿಮ್ಮಪ್ಪನ ಮನೇಗೋಗು. ಕೆಳಂಬು, ಒಂಟೋಗು ಮೊದ್ಲು!” ಅವಳ ಕೈಯಿಂದ ಪಾಸು ಕಿತ್ತು ನನ್ನ ಕೈಗೆ ತುರುಕಿದ. “ಅಕ್ಕ, ನೀನೇ ಓಗು ಒಳೀಕೆ. ಓದುದೋಳು ನೀನೊಬ್ಳೇ ನಮ್ಮನೇಲಿ.”

“ಇದೆಲ್ಲ ಈಗ ಬೇಡ ಮಹದೇವ” ಅಂದೆ. ಅಷ್ಟೇ ಅಂದೆ. ‘ನಾನು ಹೂಂ ಅಂದಿದ್ದೆ’ ಎನ್ನಲು ಮೂರು ಮಾತು ಸಾಕಿತ್ತು.

ಅವನ ಸಿಟ್ಟು ತಣಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ ಎಂದು ಇಲ್ಲಿ ಬರೆಯಬಹುದು. ಆದರೆ ಆ ಗಳಿಗೆಯಲ್ಲಿ ನಾನು ಅಂದುಕೊಂಡದ್ದು ಅದಲ್ಲ. ಚಂದ್ರಿಕಾ ಹೇಳಿಬಿಡುತ್ತಾಳೋ ಎಂದು ನೋಡುತ್ತಿದ್ದೆ. ಅವಳು ಹೇಳಲಿಲ್ಲ.

ಫೆಬ್ರವರಿ 16, ಭಾನುವಾರ

ಚಂದ್ರಿಕಾ ತವರಿಗೆ, ಹನೂರಿನ ಕಡೆ ಬಸ್ಸು ಹತ್ತಿದಳಂತೆ. ಪಾಸಿನಲ್ಲಿ ‘ತಾಯಿ’ ಎಂಬುದನ್ನು ಹೊಡೆದುಹಾಕಿ ‘ಅತ್ತೆ’ ಎಂದು ಬರೆದುಕೊಟ್ಟಿದ್ದಾರೆ. ಇವತ್ತು ಫಿಟ್ಸ್ ಎರಡೇ ಸಲ.

ಫೆಬ್ರವರಿ 19, ಬುಧವಾರ

ಕೊಳವೆ ತೆಗೆದರು. ಕಣ್ಣು ಬಿಟ್ಟಿದ್ದಾಳೆ. ಪೂಂಗೊಡಿ ಮುಖದ ಹತ್ತಿರ ಬಾಗಿ, “ಪಾಪ್ಪಾ, ಇಂಗೆ ಪಾರು! ಅತ್ತೈ ವಂದಿರುಕ್ಕಾಂಗ!” ಅನ್ನುತ್ತಾಳೆ, ಇಲ್ಲಿ ನೋಡು, ಅತ್ತೆ ಬಂದಿದ್ದಾರೆ ಎಂದು. ಕಣ್ಣು ಚಾವಣಿಯನ್ನೇ ನೋಡುತ್ತದೆ. ಬಲಗೈ ಹಿಟ್ಟಿನ ಹಾಗೆ ಬಿದ್ದಿದೆ. ನಾನು “ಶಿವಲಕ್ಷ್ಮಿ” ಅಂದೆ, “ಲುಕ್ ಅಟ್ ಮಿ” ಅಂದೆ. ಮನೆಯಲ್ಲಿ ನಾನು ಅವಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ, ಕಲಿಯಲಿ ಎಂದು.

ಡಾಕ್ಟರ್ ಕೇಳಿದರು: “ಮೊದಲು ಹೇಗಿದ್ದಳು? ಹೋಲಿಸಿ ನೋಡಲು ಬೇಕು. ಯಾವ ಕೈ ಬಳಸುತ್ತಿದ್ದಳು? ಉದ್ದುದ್ದ ಮಾತಾಡುತ್ತಿದ್ದಳಾ? ನಗಿಸಿದರೆ ನಗುತ್ತಿದ್ದಳಾ? ಯಾವುದಕ್ಕೆ ಹೆದರುತ್ತಿದ್ದಳು?”

ಎಂಟು ತಿಂಗಳು ನನ್ನ ಮನೆಯಲ್ಲಿದ್ದಳು. ಎ ಯಿಂದ ಎಂ ವರೆಗೆ ಬರೆಯುತ್ತಿದ್ದಳು ಅಂದೆ. ಬಲಗೈಯಲ್ಲಿ ಅಂದೆ. ಗಲಾಟೆ ಇಲ್ಲದ ಮಗು ಅಂದೆ. ಅವರು ಇನ್ನೂ ಕಾಯುತ್ತಿದ್ದರು. ನನ್ನ ಹತ್ತಿರ ಇನ್ನೇನೂ ಇರಲಿಲ್ಲ. ಗಲಾಟೆ ಇಲ್ಲದ ಮಗುವೋ, ನನ್ನ ಮನೆಯಲ್ಲಿ ಮಾತ್ರ ಹಾಗಿದ್ದಳೋ?

“ತಾಯಿ ಎಲ್ಲಿ?” ಅಂದರು ಡಾಕ್ಟರ್. “ಗುರುತಿರುವ ದನಿ ಬೇಕು. ಅದೂ ಒಂದು ಔಷಧಿಯೇ.”

ಫೆಬ್ರವರಿ 20, ಗುರುವಾರ

ಪಳನಿಯಪ್ಪನ್ ಅವರ ಚಾಪೆ ಇಲ್ಲ. ಫ್ಲಾಸ್ಕ್ ಇಲ್ಲ. ಗುಡಿಸುವವಳನ್ನು ಕೇಳಿದೆ. ಅವಳು ತಲೆಯಲ್ಲಾಡಿಸಿ ಮುಂದಕ್ಕೆ ಗುಡಿಸುತ್ತ ಹೋದಳು.

ಏಳು ದಿನ ಅವರ ಚಹಾ ಕುಡಿದಿದ್ದೇನೆ. ಆ ಹುಡುಗನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ.

ಮಧ್ಯಾಹ್ನ ಚಂದ್ರಿಕಾಳಿಗೆ ಫೋನ್ ಮಾಡಿ ಬಾ ಅಂದೆ.

ಫೆಬ್ರವರಿ 22, ಶನಿವಾರ

ಮಹದೇವ ಲೋಡಿಗೆ ಹೋಗಿದ್ದಾನೆ, ಅಮ್ಮ ಕುರಿ ನೋಡಲು ಊರಿಗೆ. ಮೂರು ಬಸ್ಸು ಬದಲಿಸಿ ನಾಲ್ಕೂವರೆಗೆ ಚಂದ್ರಿಕಾ ಬಂದಳು. ಪಾಸು ಕೊಟ್ಟೆ. ‘ಅತ್ತೆ’ ಎಂಬುದನ್ನು ನೋಡಿಯೂ ಪೂಂಗೊಡಿ ಸುಮ್ಮನಿದ್ದಳು. ನನ್ನನ್ನು ಗಾಜಿನ ಬಾಗಿಲ ಹತ್ತಿರ ನಿಲ್ಲಲು ಬಿಟ್ಟಳು.

ಚಂದ್ರಿಕಾ ಮೊದಲಿಗೆ ಹೆಸರು ಹಿಡಿದು ಕರೆಯಲಿಲ್ಲ, ಅಳಲೂ ಇಲ್ಲ. ಮಗುವಿನ ಕಿವಿಯ ಹತ್ತಿರ ಬಾಯಿಟ್ಟು, ಸಂಜೆ ಹಟ್ಟಿಗೆ ಕುರಿಗಳನ್ನು ಕರೆಯುವಾಗ ತುಟಿಯಲ್ಲಿ ಮಾಡುವ ಸದ್ದು ಮಾಡಿದಳು. ಆಮೇಲೆ ದೂರು ಹೇಳತೊಡಗಿದಳು.

“ಏಯ್ ಶಿವೀ, ನಿನ್ ಕರೀಮರಿ ಏನ್ಮಾಡ್ತು ಗೊತ್ತಾ? ನನ್ ಸೀರೆ ತಿಂದಾಕ್ಬುಡ್ತು. ಅರ್ಧ ಸೆರಗೇ ಇಲ್ಲ ಕಣೇ! ಬಂದು ಇಡ್ಕಳೇ ಅದ. ನಂಗೆ ಸಿಗಾಕಿಲ್ಲ ಅಂತದೆ, ನೀನೇ ಬೇಕಂತೆ. ಲೇ, ಕೇಳುಸ್ತಾ?”

ಶಿವಲಕ್ಷ್ಮಿಯ ಕುತ್ತಿಗೆ ನಿಧಾನ ತಿರುಗಿತು. ಎಡಗೈ ತೆರೆದು ಮುಚ್ಚಿತು, ಏನನ್ನೋ ಹಿಡಿಯುವ ಹಾಗೆ.

“ಅಕ್ಕಾ, ಇನ್ನೊರು ತಡವೆ ಚೊಲ್ಲುಂಗ!” ಎಂದು ಪೂಂಗೊಡಿ ಡಾಕ್ಟರನ್ನು ಕರೆಯಲು ಓಡಿದಳು. ಚಂದ್ರಿಕಾ ಇನ್ನೊಂದು ಸಲ ಹೇಳಿದಳು. ಸೀರೆ ಈ ಸಲ ಪೂರ್ತಿ ಹೋಗಿತ್ತು.

ನನಗೆ ಸಂತೋಷವಾಯಿತು. ಅದರ ಜೊತೆಗೆ ಇನ್ನೊಂದೂ ಆಯಿತು. ಅದನ್ನು ಬಿಡಿಸಿ ನೋಡುವುದಿಲ್ಲ.

ಫೆಬ್ರವರಿ 25, ಮಂಗಳವಾರ

ವಾರ್ಡಿಗೆ ಬಂದೆವು. ಈಗ ಮೂವರೂ ಒಂದೇ ಕಡೆ ಇದ್ದೇವೆ. ಕಣ್ಣು ಹಿಂಬಾಲಿಸುತ್ತದೆ. ಗಂಜಿ ನುಂಗುತ್ತಾಳೆ. ‘ಅವ್ವ’, ‘ನೀರು’, ‘ಕರೀದು’, ‘ಬ್ಯಾಡ’. ಚಂದ್ರಿಕಾ ದಿನವಿಡೀ ಅವಳ ಹತ್ತಿರ ಜಗಳ ಆಡುತ್ತಾಳೆ, ಚುಡಾಯಿಸುತ್ತಾಳೆ, ತಪ್ಪುತಪ್ಪಾಗಿ ಎಣಿಸಿ ತಿದ್ದಿಸಿಕೊಳ್ಳುತ್ತಾಳೆ. ಇವತ್ತಿಗೆ ಹನ್ನೊಂದು ಮಾತು. ಹನ್ನೊಂದನ್ನೂ ಬರೆದಿಟ್ಟಿದ್ದೇನೆ.

ಮಗು ಮಲಗಿದಾಗ ಕೇಳಿದೆ, “ನೀನು ಮಹದೇವನಿಗೆ ಯಾಕೆ ಹೇಳಲಿಲ್ಲ? ನಾನು ಹೂಂ ಅಂದಿದ್ದನ್ನ?”

ಅವಳು ಕಿತ್ತಳೆ ಬಿಡಿಸುತ್ತಿದ್ದಳು. “ಯೋಳಿದ್ರೆ ನಿಮ್ಮನ್ನೂ ಆಚೆ ಕಳುಸೋರು ಅಕ್ಕಾ. ಆಮ್ಯಾಕೆ ಡಾಕ್ಟ್ರುತಾವ ಇಂಗ್ಲೀಸ್‌ನಾಗೆ ಮಾತಾಡಾಕೆ ಯಾರಿದ್ರು?”

ದೊಡ್ಡ ಮನಸ್ಸು ಎಂದುಕೊಂಡು ಹತ್ತು ದಿನ ತಲೆ ತಗ್ಗಿಸಿದ್ದೆ. ಅವಳದು ಲೆಕ್ಕಾಚಾರ. ಮಗುವಿಗೆ ಯಾರು ಬೇಕೋ ಅವರನ್ನು ಉಳಿಸಿದ್ದಳು, ಅಷ್ಟೇ. ನನಗೆ ಇನ್ನಷ್ಟು ನಾಚಿಕೆಯಾಯಿತು.

ಸಂಜೆ ಮಹದೇವ ಫೋನ್ ಮಾಡಿದ. ಹೆಂಡತಿ ಇಲ್ಲಿರುವುದು ಅವನಿಗೆ ತಿಳಿಯದು. “ಡಿಸ್ಚಾರ್ಜ್ ಆದ್ಮ್ಯಾಕೆ ಮಗು ನಿನ್ನತ್ರಾನೇ ಇರ್ಲಿ ಅಕ್ಕ. ಅವಳ ಕೈಗೆ ಕೊಡಾಕಿಲ್ಲ ನಾನು. ನೀನೇ ಸಾಕು, ನಿಂಗೂ ಒಂದು ಮಗು ಆದಂಗಾಯ್ತು.”

ಸರಿ ಅಂದೆ. ಸರಿ ಅನ್ನಲು ಎಷ್ಟು ಹೊತ್ತು ತೆಗೆದುಕೊಂಡೆ ಎಂದು ಯೋಚಿಸುತ್ತಿದ್ದೇನೆ. ಹೊತ್ತೇ ತೆಗೆದುಕೊಳ್ಳಲಿಲ್ಲ.

ಮಾರ್ಚ್ 1, ಶನಿವಾರ. ಧರ್ಮಪುರಿ

ಮನೆಗೆ ಬಂದೆವು. ಚಂದ್ರಿಕಾ ಸೇಲಂ ಬಸ್ ಸ್ಟ್ಯಾಂಡಿನವರೆಗೆ ಬಂದು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಕಿಟಕಿಯ ಹೊರಗಿನಿಂದ ಹೇಳುತ್ತಲೇ ಇದ್ದಳು. “ಮುದ್ದೆ ನುಂಗಾಕಾಗಲ್ಲ, ಅಂಬಲಿ ಮಾಡಿ. ಎಡಮಗ್ಲಾಗೆ ಮಲಗುಸ್ಬ್ಯಾಡಿ, ಅಳ್ತದೆ. ಸಿಟ್ಟು ಬಂದ್ರೆ ಕಚ್ತಾಳೆ, ಒಡೀಬ್ಯಾಡಿ. ಮಾತ್ರೆ ಬೆಲ್ಲದಾಗೆ ಇಟ್ಕೊಡಿ.” ಬಸ್ಸು ಹೊರಟಾಗಲೂ ತುಟಿ ಆಡುತ್ತಿತ್ತು, ನನಗೆ ಕೇಳಿಸಲಿಲ್ಲ.

ಮಾರ್ಚ್ 3, ಸೋಮವಾರ

ತಿಂಗಳ ಕೊನೆಯವರೆಗೆ ರಜೆ ಹಾಕಿದೆ. ನನ್ನ ಬರೆಯುವ ಮೇಜನ್ನು ವರಾಂಡಕ್ಕೆ ಹಾಕಿಸಿ, ಆ ಜಾಗದಲ್ಲಿ ಗಿಡ್ಡ ಮಂಚ ಹಾಕಿಸಿದ್ದೇನೆ. ದೊಡ್ಡ ಹಿಡಿಯ ಲೋಟ ತಂದೆ, ಒಂದೇ ಕೈಯಲ್ಲಿ ಹಿಡಿಯಲು ಆಗಲಿ ಎಂದು. ಬಾಗಿಲಿಗೆ ಚಿಕ್ಕ ಗಂಟೆ ಕಟ್ಟಿದೆ. ನಮ್ಮ ಮನೆಯಲ್ಲಿ ಇಷ್ಟು ಸದ್ದು ಎಂದೂ ಇರಲಿಲ್ಲ.

ಅವಳ ಜೊತೆ ಈಗ ಇಂಗ್ಲಿಷ್ ಇಲ್ಲ. ನಾನೂ ಐತೆ, ಓಯ್ತು ಎನ್ನುತ್ತಿದ್ದೇನೆ. ಕಾನ್ವೆಂಟಿನಲ್ಲಿ ನನ್ನ ಬಾಯಿಂದ ತೊಳೆದು ತೆಗೆದ ಮಾತು ಇದು. ಸಂಜೆ ಅವಳ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಮುಳ್ಳುಮುಳ್ಳಾಗಿ ಕೂದಲು ಮೊಳೆತದ್ದು ಕೈಗೆ ಸಿಕ್ಕಿತು. ಅವಳು ಕಣ್ಣು ಮುಚ್ಚಿ ನನ್ನ ಹೊಟ್ಟೆಗೆ ಒರಗಿದಳು. ಎಷ್ಟೋ ಹೊತ್ತು ಅಲ್ಲಾಡದೆ ಕೂತಿದ್ದೆ.

ಮುಂದಿನ ವರ್ಷ ಅವಳನ್ನು ನನ್ನ ಶಾಲೆಗೇ ಮತ್ತೆ ಸೇರಿಸಬಹುದು. ಬಲಗೈ ಬರದಿದ್ದರೆ ಎಡಗೈಯಲ್ಲಿ ಬರೆಯಲಿ. ನಾನೇ ಕಲಿಸುತ್ತೇನೆ.

ಮಾರ್ಚ್ 5, ಬುಧವಾರ

ಬಾಗಿಲ ಗಂಟೆ ಆಡಿದಾಗಲೆಲ್ಲ “ಅವ್ವ?” ಎನ್ನುತ್ತಾಳೆ. ಹಾಲಿನವನು ಬಂದಾಗ, ಕರೆಂಟ್ ಬಿಲ್ಲಿನವನು ಬಂದಾಗ, ಗಾಳಿ ಬಂದಾಗ.

“ಅವ್ವ ಕುರಿ ಮೇಸಾಕೋಗವ್ಳೆ” ಅಂದೆ.

ಸಂಜೆ ಗಂಟೆ ಬಿಚ್ಚಿಟ್ಟೆ.

ಮಾರ್ಚ್ 6, ಗುರುವಾರ

ಸೇಲಂಗೆ ತೋರಿಸಲು ಕರೆದೊಯ್ದೆ. ಡಾಕ್ಟರ್ ಬಹಳ ಹೊತ್ತು ನೋಡಿದರು. ಫಿಟ್ಸ್ ಇಲ್ಲ, ಒಳ್ಳೆಯದು. ಬಲಗೈ ನಿಧಾನ. “ಮಾತು?” ಅಂದರು. ನನ್ನ ಪುಸ್ತಕ ತೆಗೆದೆ. ವಾರ್ಡಿನಲ್ಲಿ ಹನ್ನೊಂದು. ಮನೆಗೆ ಬಂದ ಮೇಲೆ ಹೊಸದು ಯಾವುದೂ ಇಲ್ಲ. ಹಳೆಯದರಲ್ಲಿ ಈ ಐದು ದಿನ ನಾನು ಕೇಳಿದ್ದು ನಾಲ್ಕು. ಟೀಚರ್ ಆದ್ದರಿಂದ ಲೆಕ್ಕ ಸರಿಯಾಗಿಯೇ ಇಟ್ಟಿದ್ದೆ. ಕೂಡಿಸಿ ನೋಡಿರಲಿಲ್ಲ.

“ಪೆಟ್ಟು ತಿಂದ ಮೆದುಳು ಹೊಸ ದಾರಿ ಹುಡುಕುವುದು ಮೊದಲ ಕೆಲವು ತಿಂಗಳಲ್ಲೇ ಹೆಚ್ಚು,” ಅಂದರು ಡಾಕ್ಟರ್. “ಅವಳನ್ನು ಮಾತಾಡಿಸಬಲ್ಲವರು ಯಾರು ಎಂದು ನಾವೆಲ್ಲ ನೋಡಿದ್ದೇವೆ. ತಾಯಿಗೆ ಏನು ತೊಂದರೆ?”

ಊರಲ್ಲಿ ಕೆಲಸ ಅಂದೆ.

ಬಸ್ಸಿನಲ್ಲಿ ಬರುವಾಗ ಚಂದ್ರಿಕಾಳಿಗೆ ಫೋನ್ ಮಾಡಿ ಬಂದುಬಿಡು ಅಂದೆ. “ಇಲ್ಲ ಅಕ್ಕಾ. ಕದ್ದು ಎಷ್ಟು ದಿನ ಬರ್ಲಿ? ಗೊತ್ತಾದ್ರೆ ನಿಮ್ ಮನೆಯಿಂದ್ಲೂ ಮಗೀನ ಎತ್ಕೊಂಡೋಗಿ ಅತ್ತೆತಾವ ಬುಟ್ಬುಡ್ತಾರೆ. ಅವ್ರೇ ಬಾ ಅನ್ಬೇಕು,” ಅಂದಳು. ಆಮೇಲೆ, “ಕಚ್ತಾಳಾ?” ಎಂದು ಕೇಳಿದಳು.

“ಇಲ್ಲ” ಅಂದೆ.

“ಕಚ್ಚಾದೇ ಇಲ್ವಾ?” ಅವಳ ದನಿ ಬಿದ್ದುಹೋಯಿತು.

ಮಾರ್ಚ್ 7, ಶುಕ್ರವಾರ

ಮಹದೇವನಿಗೆ ಹೇಳಿದೆ. ಫೋನಿನಲ್ಲಿ, ನಿಂತುಕೊಂಡು, ಮುಂಚೆ ಅಭ್ಯಾಸ ಮಾಡಿಕೊಂಡ ಮಾತುಗಳಲ್ಲಿ. ಚಂದ್ರಿಕಾ ನನ್ನನ್ನು ಕೇಳಿದಳು, ಬಾಟಲಿಯ ಫೋಟೋ ಕಳಿಸಿದಳು, ನಾನು ನೋಡದೆ ಹಾಕು ಅಂದೆ.

ಅವನು ನಕ್ಕ. “ಸುಮ್ನಿರಕ್ಕ. ಅವಳ ಅಳು ಕೇಳಕಾಗ್ದೆ ನಿನ್ ತಲೆ ಮ್ಯಾಲೆ ಆಕ್ಕೋತಾ ಇದೀಯ.”

“ಇಲ್ಲ ಕಣೋ. ನಿಜ ಹೇಳ್ತಿದೀನಿ.”

“ಇಂಗ್ಲೀಸ್ ಓದಿರೋಳು, ಬಾಟ್ಲಿ ಮ್ಯಾಲೆ ಬರ್ದಿರಾದ ಓದ್ದಲೆ ಆಕು ಅಂತೀಯಾ ನೀನು? ಯಾರ್ ನಂಬ್ತಾರೆ? ನಮ್ ಕ್ಲೀನರೂ ನಂಬಾಕಿಲ್ಲ.” ಪಕ್ಕದಲ್ಲಿ ಯಾರೋ ನಕ್ಕಿದ್ದು ಕೇಳಿಸಿತು.

“ಫೋಟೋ ಕಳಿಸ್ತೀನಿ, ತಾರೀಕು ನೋಡು.”

“ಬ್ಯಾಡ. ಘಾಟ್ ಇಳಿಸ್ತಾ ಇವ್ನಿ, ಇಡು.”

ಇಪ್ಪತ್ತೈದು ದಿನ ಹೇಳಲು ಹೆದರಿದ್ದೆ. ಹೇಳಿದರೆ ನಂಬದೇ ಹೋಗಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಹೇಳಿದ್ದಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂದು ಫೋನ್ ಇಟ್ಟಾಗ ಒಳಗೆ ಏನೋ ಹಗುರಾಯಿತು. ಒಳಗೆ ಹೋದೆ. ಶಿವಲಕ್ಷ್ಮಿ ಗಿಡ್ಡ ಮಂಚದ ಮೇಲೆ ಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದಳು. ಗಲಾಟೆ ಇಲ್ಲದ ಮಗು.

ಮಾರ್ಚ್ 8, ಶನಿವಾರ

ಕಾಗದ ಬರೆದೆ. ತಮಿಳಿನಲ್ಲಿ, ಅವನು ಓದುವ ಅಕ್ಷರದಲ್ಲಿ. ಅವನು ಬಾಯಿಮಾತಿಗೆ ನಗುತ್ತಾನೆ, ಸಹಿ ಇರುವ ಕಾಗದವನ್ನು ಎಂದೂ ತಳ್ಳಿಹಾಕಿದವನಲ್ಲ. ನಾನು ದೊಡ್ಡವಳಾದ ಮೇಲೆ ಕಲಿತ ತಮಿಳು, ಎರಡು ಸಲ ಹರಿದುಹಾಕಿ ಮೂರನೇ ಸಲ ಒಂದೂವರೆ ಪುಟ ಆಯಿತು. ಆ ಶನಿವಾರ ಸಂಜೆ ಎಷ್ಟು ಗಂಟೆಗೆ ಫೋನ್ ಬಂತು, ಅವಳು ಏನು ಕೇಳಿದಳು, ನಾನು ಏನೆಂದೆ, ಡಾಕ್ಟರ್ ಕೇಳಿದಾಗ ಏನು ಮುಚ್ಚಿಟ್ಟೆ, ನೀನು ಅವಳನ್ನು ಕಳಿಸುವಾಗ ನಾನು ಯಾಕೆ ಸುಮ್ಮನಿದ್ದೆ. ಇದನ್ನು ಅಮ್ಮನಿಗೂ ಓದಿ ಹೇಳು ಎಂದು ಬರೆದೆ. ಸೇಲಂನಲ್ಲಿ ಮಗು ಕುತ್ತಿಗೆ ತಿರುಗಿಸಿದ್ದು ಯಾರ ದನಿಗೆ ಎಂಬುದನ್ನೂ ಬರೆದೆ. ಕೊನೆಯಲ್ಲಿ, ಮಗು ನನ್ನ ಹತ್ತಿರ ಇರಲಿ ಎಂದು ನಾನು ಆಸೆಪಟ್ಟೆ, ಸುಮ್ಮನಿದ್ದುದಕ್ಕೆ ಅದೂ ಒಂದು ಕಾರಣ ಎಂದು ಒಂದು ಸಾಲು. ಇಲ್ಲಿ ಯಾವ ದಿನವೂ ಬರೆಯದ ಸಾಲು ಅಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಹೊಡೆದುಹಾಕಲಿಲ್ಲ.

ವಿಳಾಸ ಶಂಕಗಿರಿಯ ಲಾರಿ ಆಫೀಸಿನದು. ಬುಧವಾರ ಅವನು ಅಲ್ಲಿಗೆ ಬರುತ್ತಾನೆ. ಗುರುವಾರ ಚಂದ್ರಿಕಾಳನ್ನು ಕರೆದುಕೊಂಡು ಇಲ್ಲಿಗೆ ಬರಬಹುದು. ನನ್ನ ಮುಖ ನೋಡುತ್ತಾನೋ ಇಲ್ಲವೋ. ಮಗುವಿನ ಬಟ್ಟೆ, ಮಾತ್ರೆ, ಹನ್ನೊಂದು ಮಾತು ಬರೆದ ಹಾಳೆ ಎಲ್ಲವನ್ನೂ ಒಂದೇ ಚೀಲದಲ್ಲಿ ಸಿದ್ಧವಾಗಿಡಬೇಕು, ಬಾಗಿಲಲ್ಲಿ ಹುಡುಕಾಡುವಂತಾಗಬಾರದು.

ಅಂಚೆ ಕಚೇರಿ ನಮ್ಮ ಬೀದಿಯ ಕೊನೆಯಲ್ಲಿದೆ. ಇವತ್ತು ಮಧ್ಯಾಹ್ನ ಕಾಗದ ಚೀಲದಲ್ಲಿಟ್ಟುಕೊಂಡು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದರ ಮುಂದೆಯೇ ಹೋದೆ. ಬಾಗಿಲು ತೆರೆದಿತ್ತು. ಮೊಸರು ಕೊಂಡು ವಾಪಸ್ಸು ಬಂದೆ.

ನಾಳೆ ಭಾನುವಾರ. ಅದೊಂದು ದಿನವನ್ನು ಇಟ್ಟುಕೊಳ್ಳುತ್ತೇನೆ, ಅದು ಸರಿಯಲ್ಲ ಎಂದು ಗೊತ್ತಿದ್ದೂ. ಕಾಗದವನ್ನು ಅಂಚೆಗೆ ಹಾಕುವುದು ಸೋಮವಾರ, ಮಾರ್ಚ್ 10.